ತತ್ತಿ ಸುಕ್ಕು ಬಿದ್ದದ್ದಕ್ಕ ಬೆಳಗಾವಿ ಮಟ ಹೋಗಿ ಬಂದ ಕತಿ

ಮನ್ಯಾಗ ನಾಕು ಕೋಳಿ ಸಾಕಿದವರು ಯಾರರ ಇದ್ರ ಇದನ್ನ ಪೂರ್ತಿ ಓದ್ರಿ. ತತ್ತಿ ಕೆಟ್ಟು ಬರಾಕ ಹತ್ತಿದ್ರ ಯಾರನ್ನ ಕೇಳಬೇಕು, ಎಲ್ಲಿಗೆ ಹೋಗಬೇಕು, ಹೋಗುವಾಗ ಏನೇನ ಒಯ್ಯಬೇಕು ಅಂತ ಸರಿಯಾಗಿ ಹೇಳವ್ರು ನಮಗ ಒಬ್ರೂ ಸಿಗಲಿಲ್ಲ, ಕೇಳಿದವ್ರೆಲ್ಲ ತಲಿಗೊಂದು ಹೇಳಿದ್ರು. ಯುಗಾದಿ ಆದಮ್ಯಾಲ ಚಾಲೂ ಆದದ್ದು ಕಾರಹುಣ್ಣಿಮಿ ಹತ್ರ ಬಂದಾಗ ಒಂದ ದಡ ಮುಟ್ಟಿತು. ಮರಿಯೂದ್ರಾಗ ಬರದ ಇಡತೀನಿ.

ನಮ್ದು ಲೋಕಾಪುರ ಕಡಿ ಹಳ್ಳಿ, ಮುಧೋಳ ತಾಲೂಕು. ಹಿತ್ತಲದಾಗ ಎರಡು ಎಮ್ಮಿ, ಒಂದ ಹುಂಜ, ಹನ್ನೆರಡು ಹದಿಮೂರು ಹ್ಯಾಟಿ ಅದಾವು. ಅರ್ಧ ಜವಾರಿ, ಉಳದದ್ದು ಗಿರಿರಾಜ ಮತ್ತ ಸ್ವರ್ಣಧಾರಾ, ಹೆಬ್ಬಾಳ ವೆಟರ್ನರಿ ಕಾಲೇಜಿನವರು ಹಿತ್ತಲದಾಗ ಸಾಕಾಕಂತನ ಮಾಡಿದ ತಳಿ. ಮನಿಗೆ ತಿಂದು ಉಳದ ತತ್ತಿ ಓಣ್ಯಾಗ ಮಾರತೀವಿ, ಜವಾರಿ ತತ್ತಿ ಅಂದ್ರ ಬಾಣಂತಿ ಇದ್ದ ಮನಿಯವರು ಹುಡಿಕ್ಕೊಂಡ ಬರ್ತಾರ. ಹಂಗಾಗಿ ತತ್ತಿ ಕೆಟ್ರ ಬರೇ ನಮ್ಮ ತಾಟಿನ ಪ್ರಶ್ನೆ ಅಲ್ಲ, ಇನ್ನೊಬ್ಬರ ಮನಿ ಕೂಸಿಂದೂ ವಿಚಾರ ಮಾಡಬೇಕಲ್ರಿ.

ಮೊದಲ ಕಂಡದ್ದು ಸಿಪ್ಪಿ ಇಲ್ಲದ ತತ್ತಿ. ಮುಂಜಾನಿ ಗೂಡಿನ್ಯಾಗ ಕೈ ಹಾಕಿದ್ರ ಮೆತ್ತಗ ಹತ್ತಿತು, ಬರೇ ಪೊರಿ ಒಳಗ ಲೋಳಿ. ನಮ್ಮತ್ತಿ ಇದಕ್ಕ ತೊಗಲ ತತ್ತಿ ಅಂತಾರ. ಬಿಸಲಿಗೆ ಹಂಗ ಆಗತೈತಿ ಬಿಡವಾ ಅಂದ್ರು, ಮ್ಯಾಲ ಒಂದೀಟು ಮೆಣಸಿನಕಾಯಿ ನಿವಾಳಿಸಿ ದೃಷ್ಟೀನೂ ತಗದ್ರು. ದೃಷ್ಟಿದು ನನಗ ಗೊತ್ತಿಲ್ಲ, ಬಿಸಲಿಂದು ಮಾತ್ರ ಖರೇ. ಆಮ್ಯಾಲ ಡಾಕ್ಟ್ರೂ ಅದನ್ನ ಹೇಳಿದ್ರು. ಕೋಳಿಗೆ ಬೆವರು ಬರಂಗಿಲ್ಲ, ಬಾಯಿ ತಗದು ತೇಕತೈತಿ, ಹಂಗ ತೇಕಿ ತೇಕಿ ಮೈಯಾಗಿನ ಕಾರ್ಬನ್ ಡೈಆಕ್ಸೈಡ್ ಎಲ್ಲಾ ಹೊರಗ ಹೋಗಿ ರಕ್ತದಾಗ ಸಿಪ್ಪಿ ಕಟ್ಟೂ ಸಾಮಾನ ಕಡಿಮಿ ಬೀಳತೈತಿ. ಬಿಸಲಾಗ ಮೇವೂ ಸರಿಯಾಗಿ ತಿನ್ನಂಗಿಲ್ಲ. ಏಪ್ರಿಲ್ ಮೇದಾಗ ನಮ್ಮ ಕಡಿ 40 ಡಿಗ್ರಿ ದಾಟತೈತಿ, ಅಂಥಾದ್ರಾಗ ಒಂದೊಂದು ತೆಳ್ಳನ ಸಿಪ್ಪಿ ತತ್ತಿ ಬಂದ್ರ ಗಾಬರಿ ಆಗೂ ಕಾರಣ ಇಲ್ಲ. ಹೊಸದಾಗಿ ತತ್ತಿ ಇಡಾಕ ಹತ್ತಿದ್ದು, ಮತ್ತ ಭಾಳ ವಯಸ್ಸಾದದ್ದು, ಇವೆರಡೂ ನಡುವ ನಡುವ ಇಂಥಾ ತತ್ತಿ ಕೊಡತಾವು. ಹಳದಿನ ಇಲ್ಲದ ಗೋಲಿ ಗಾತ್ರದ ತತ್ತಿ, ಎರಡ ಹಳದಿ ಇರೂ ದೊಡ್ಡ ತತ್ತಿ, ಹಳದಿ ಮ್ಯಾಲ ಸಣ್ಣ ರಕ್ತದ ಚುಕ್ಕಿ, ಇವೂ ಎಂದರ ಒಮ್ಮೆ ಬಂದ್ರ ಬ್ಯಾನಿ ಅಲ್ಲ.

ಹಂಗಂತ ಗೂಡಿಗೆ ನೆಳ್ಳು ಮಾಡಿದ್ವಿ, ತಣ್ಣನ ನೀರು ಇಟ್ವಿ, ಸುಣ್ಣದಕಲ್ಲಿನ ಪುಡಿ ಬ್ಯಾರೆ ಬಟ್ಟಲದಾಗ ಇಟ್ವಿ. ಲೋಕಾಪುರ ಕಡಿಯವ್ರಿಗೆ ಸುಣ್ಣದಕಲ್ಲಿಗೇನ ಬರ ಇಲ್ಲ ಬಿಡ್ರಿ. ಎಲಿ ಅಡಿಕಿ ಸುಣ್ಣ ಮಾತ್ರ ಹಾಕಬ್ಯಾಡ್ರಿ, ಅದು ಸುಡತೈತಿ. ತತ್ತಿ ಸಿಪ್ಪಿನ ವಾಪಸ್ ಹಾಕೋದಾದ್ರ ಹುರದು ಪುಡಿ ಮಾಡಿ ಹಾಕ್ರಿ, ಇಲ್ಲಾಂದ್ರ ಕೋಳಿ ತಮ್ಮ ತತ್ತಿ ತಾವ ಕುಕ್ಕಿ ತಿನ್ನೂ ಚಟ ಕಲೀತಾವು. ಸಣ್ಣ ಮರಿ ಮೇವಿನ್ಯಾಗ ಇದನ್ನ ಬೆರಸಬಾರದು, ಅವುಗಳ ಕಿಡ್ನಿ ಕೆಡತಾವು. ಅದಕ್ಕ ಬ್ಯಾರೆ ಬಟ್ಟಲು.

ಇಷ್ಟರಾಗ ಮುಗೀಬೇಕಿತ್ತು, ಮುಗೀಲಿಲ್ಲ. ಆಮ್ಯಾಲಿನ ವಾರ ಬ್ಯಾರೆ ಬ್ಯಾರೆ ಕೋಳಿ ತತ್ತಿ ಕೆಡಾಕ ಹತ್ತಿದ್ವು, ಅದೂ ಬ್ಯಾರೆ ನಮೂನಿ. ಸಿಪ್ಪಿ ಗಟ್ಟಿನ ಐತಿ, ಆದ್ರ ಬೊಡ್ಡಿಯಿಂದ ತುದಿ ಮಟ ಗೆರಿ ಗೆರಿ, ಉಗುರು ಆಡಿಸಿದ್ರ ಕರಕರ ಅಂತಿತ್ತು. ಗಿರಿರಾಜದ ಕಂದು ತತ್ತಿ ಬಣ್ಣ ಹೋಗಿ ಬಿಳಚಗೊಂಡಿದ್ವು. ತವಾ ಮ್ಯಾಲ ಒಡದ್ರ ಬಿಳಿ ಲೋಳಿ ನಿಲ್ಲವಲ್ದು, ನೀರು ನೀರಾಗಿ ಅಂಚಿನ ಮಟ ಹರದು ಅಲ್ಲೇ ಹತ್ತಿ ಕರ್ರಗಾತು, ಹಳದಿ ಒಂದ ನಡುವ ಕುಂತಿತ್ತು. ಹಳೇ ತತ್ತಿ ಆದ್ರೂ ಲೋಳಿ ಹಿಂಗ ತೆಳ್ಳಗಾಗತೈತಿ, ಅದಕ್ಕ ಅವತ್ತ ಇಟ್ಟ ತತ್ತಿನ ಅವತ್ತ ಒಡದು ನೋಡ್ರಿ. ನಾವು ನೋಡಿದ್ದು ಅವತ್ತಿಂದ.

ಅದಕ್ಕಿಂತ ಮಹತ್ವದ್ದು ರಾತ್ರಿ ಗೊತ್ತಾತು. ಕರೆಂಟ್ ಹೋಗಿತ್ತು, ಎಮ್ಮಿಗೆ ನೀರಿಡಾಕ ಹೋದಾಗ ಗೂಡಿನ್ಯಾಗಿಂದ ಗೊರಗೊರ ಸಪ್ಪಳ, ನಡುವ ಒಂದೊಂದು ಸೀನು. ಹಗಲ ಹೊತ್ತಿನ್ಯಾಗ ಕೆದರಾಡೂ ಗದ್ದಲದಾಗ ಇದು ಕೇಳಂಗಿಲ್ರಿ. ನಿಮ್ಮ ಕೋಳಿ ತತ್ತಿ ಮ್ಯಾಲ ಡೌಟ್ ಬಂದ್ರ ರಾತ್ರಿ ದೀಪ ಹಚ್ಚದ ಗೂಡಿನ ಮುಂದ ಒಂದೈದು ನಿಮಿಷ ಸುಮ್ನ ನಿಂದ್ರಿರಿ. ನನ್ನ ಪ್ರಕಾರ ಅದೊಂದು ಅರ್ಧ ಉತ್ತರ ಕೊಡತೈತಿ. ಬರೇ ಸಿಪ್ಪಿ ಕೆಟ್ಟದ್ದು ಬ್ಯಾರೆ, ಸಿಪ್ಪಿ ಕೆಟ್ಟು ಉಸರಾಟದಾಗೂ ಸಪ್ಪಳ ಇದ್ರ ಅದು ಬ್ಯಾರೆ.

ಯಾವ ಕೋಳಿ ಯಾವ ತತ್ತಿ ಇಡತೈತಿ ಅಂತ ಗೊತ್ತಿಲ್ಲದ ಡಾಕ್ಟ್ರ ಮುಂದ ಹೋದ್ರ ಏನ ಹೇಳೋದು? ಅದಕ್ಕ ಅತ್ತಿ ನಸುಕಿನ್ಯಾಗ ಒಂದೊಂದ ಹಿಡದು ಬೆರಳಾಡಿಸಿ ಇವತ್ತ ತತ್ತಿ ಐತಿ ಇಲ್ಲ ಅಂತ ನೋಡವ್ರು, ಇದ್ದವನ್ನ ಬ್ಯಾರೆ ಬ್ಯಾರೆ ಬುಟ್ಟಿ ಒಳಗ ಮುಚ್ಚಿ ಇಡೂದು, ನಾನು ಮಗಳ ಹಳೇ ನೋಟ್‌ಬುಕ್ಕಿನ್ಯಾಗ ಬರಿಯೋದು. ಕೋಳಿ ಹೆಸರು, ಸಿಪ್ಪಿ ಹೆಂಗೈತಿ, ಲೋಳಿ ಹೆಂಗೈತಿ, ಮೇವು ತಿಂತೋ ಇಲ್ಲೋ, ಹಿಕ್ಕಿ ಹೆಂಗೈತಿ. ನಮ್ಮನಿಯವರು ಇದನ್ನ ನೋಡಿ ನಕ್ಕರು, ನಿನ್ನ ಕೋಳಿಗೂ ಹಾಜರಿ ಪುಸ್ತಕ ಆತಲ್ಲ ಅಂತ. ಆ ಪುಸ್ತಕ ಇಲ್ಲದಿದ್ರ ಮುಂದಿಂದು ಯಾವುದೂ ನಡೀತಿರಲಿಲ್ಲ.

ಔಷಧ ಅಂಗಡಿ ಕತಿನೂ ಹೇಳಿಬಿಡತೀನಿ. ನಮ್ಮನಿಯವರು ಪ್ಯಾಟಿಗೆ ಹೋದಾಗ ಕೇಳಿದ್ದಕ್ಕ ಅಂಗಡಿಯವ ಆ್ಯಂಟಿಬಯೋಟಿಕ್ ಪುಡಿ ಪಾಕೀಟು ಕೊಟ್ಟು ನೀರಿಗೆ ಹಾಕ್ರಿ, ಎಲ್ಲಾ ಹೊಕ್ಕೈತಿ ಅಂದನಂತ. ಯಾವ ಬ್ಯಾನಿ, ಎಷ್ಟ ಕೋಳಿ, ತತ್ತಿ ಯಾರ ತಿಂತಾರ, ಏನೂ ಕೇಳಿಲ್ಲ. ನಾ ಪಾಕೀಟು ಮಾಡದಾಗ ಇಟ್ಟೆ, ಒಡಿಲಿಲ್ಲ. ಡಾಕ್ಟ್ರು ಆಮ್ಯಾಲ ಹೇಳಿದ್ದೇನಂದ್ರ ವೈರಸ್ಸಿಗೆ ಆ್ಯಂಟಿಬಯೋಟಿಕ್ ನಾಟಂಗಿಲ್ಲ, ಮ್ಯಾಲಿಂದ ಮ್ಯಾಲ ಬ್ಯಾಕ್ಟೀರಿಯಾ ಹೊಕ್ಕಿದ್ರ ಅಷ್ಟ ಕೊಡೂದು, ಕೊಟ್ರ ಅದರ ಅಂಶ ತತ್ತಿಯೊಳಗ ಬರತೈತಿ, ಅವರು ಹೇಳಿದಷ್ಟ ದಿನ ಆ ತತ್ತಿ ತಿನ್ನಂಗಿಲ್ಲ ಮಾರಂಗೂ ಇಲ್ಲ. ಬಾಣಂತಿ ಮನಿಗೆ ಹೋಗೂ ತತ್ತಿ ಅದು, ವಿಚಾರ ಮಾಡ್ರಿ.

ಇನ್ನ ದನದ ದವಾಖಾನಿ. ಮೊದಲ ಹೋದಾಗ ಡಾಕ್ಟ್ರು ಇರಲಿಲ್ಲ, ಕಾಲುಬಾಯಿ ಬ್ಯಾನಿ ಲಸಿಕಿ ಹಾಕಾಕ ಹಳ್ಳಿ ಮ್ಯಾಲ ಹೋಗಿದ್ರು. ಎಮ್ಮಿ, ಆಕಳಾ, ಹೋತ ಎಲ್ಲಾ ಸಾಲಾಗಿ ನಿಂತಾವು, ನಾ ಸ್ಟೀಲ್ ಡಬ್ಬಿಯೊಳಗ ತತ್ತಿ ಹಿಡಕೊಂಡು ಕುಂತೀನಿ. ಹೋತ ತಂದ ಅಜ್ಜಾರು ಒಬ್ರು ಡಬ್ಬಿ ನೋಡಿ, ಏನವಾ ತಂಗಿ, ಡಾಕ್ಟ್ರಿಗೆ ನಾಷ್ಟಾ ತಂದಿಯೇನ ಅಂದ್ರು, ಅಲ್ಲಿದ್ದವ್ರೆಲ್ಲ ನಕ್ಕರು. ನಾಚಿಕಿ ಬಂತು, ಹೌದು. ಕಂಪೌಂಡರ್ ಮಾತ್ರ ಚಲೋ ಮನಷಾ, ಅಕ್ಕಾರ, ಶುಕ್ರವಾರ ಮುಂಜಾನಿ ಹತ್ತರ ಒಳಗ ಬರ್ರಿ, ಮೇಡಂ ಇರ್ತಾರ, ಕೆಟ್ಟ ತತ್ತಿ ಜೋಡಿ ಚಲೋ ತತ್ತಿನೂ ತರ್ರಿ ಅಂದ. ಈ ಮಾತು ನೀವೂ ನೆನಪಿಡ್ರಿ, ಎರಡೂ ಬಾಜೂಕ ಇಟ್ರ ಫರಕ ಕಾಣತೈತಿ. ದೂರದ ಹಳ್ಳಿಯವ್ರಾದ್ರ 1962ಕ್ಕ ಫೋನ್ ಮಾಡಿದ್ರ ಪಶು ಸಂಜೀವಿನಿ ಗಾಡಿ ಐತಿ, ನಮಗ ಅದರ ಜರೂರು ಬೀಳಲಿಲ್ಲ.

ಮೇಡಂ ಅಂದ್ರ ವಯಸ್ಸಿನ್ಯಾಗ ನನಕಿಂತ ಸಣ್ಣವ್ರು. ನಗಲಿಲ್ಲ ಏನಿಲ್ಲ, ತಾಟು ತರಿಸಿ ಒಂದೊಂದ ತತ್ತಿ ಒಡದ್ರು. ಕಣ್ಣಿನ ಮಟ್ಟಕ್ಕ ತಾಟು ಎತ್ತಿ ಬಿಳಿ ಲೋಳಿ ಎಷ್ಟ ಎತ್ತರ ನಿಂತೈತಿ ಅಂತ ನೋಡಿದ್ರು. ಆಮ್ಯಾಲ ಪ್ರಶ್ನೆ ಚಾಲೂ. ಕೋಳಿ ವಯಸ್ಸೆಷ್ಟು, ಏನ ಹಾಕತೀರಿ, ಯಾವ ಯಾವ ಲಸಿಕಿ ಆಗ್ಯಾವು, ಹೊಸಾ ಕೋಳಿ ಸಂತಿಯಿಂದ ಬಂದಾವೇನು, ಓಣ್ಯಾಗ ಬ್ಯಾರೆಯವರ ಕೋಳಿ ಸತ್ತಾವೇನು, ಹತ್ರ ಬಾತುಕೋಳಿ ಅದಾವೇನು. ಬಾತುಕೋಳಿ ಯಾಕಂತ ಕೇಳಿದ್ರ, ಎಗ್ ಡ್ರಾಪ್ ಸಿಂಡ್ರೋಮ್ ಅಂತೊಂದು ವೈರಸ್ ಐತಿ, 1976ರಾಗ ಗೊತ್ತಾದದ್ದು, ಅದು ಮೂಲ ಬಾತುಕೋಳಿದು. ಅದು ಬಂದ ಕೋಳಿ ನೋಡಾಕ ಗಟ್ಟಿಮುಟ್ಟ ಇರತಾವಂತ, ಸೀನಂಗಿಲ್ಲ ಕೆಮ್ಮಂಗಿಲ್ಲ, ತತ್ತಿ ಅಷ್ಟ ಬಣ್ಣ ಹೋಗಿ ಸಿಪ್ಪಿ ಇಲ್ಲದ ಬೀಳತಾವಂತ.

ಒಂದ ತತ್ತಿದು ಹಳದಿ ಹಸರ ಛಾಯಾ ಹೊಡೀತಿತ್ತು, ನನಗ ಅದನ್ನ ನೋಡಿನ ಹೊಟ್ಟಿ ತೊಳಿಸಿತ್ತು. ಮೇಡಂ ಕೇಳಿದ್ದು ಒಂದ ಮಾತು, ಎಮ್ಮಿಗೆ ಹತ್ತಿಕಾಳಿನ ಹಿಂಡಿ ಹಾಕತೀರೇನು ಅಂತ. ಹಾಕತೀವಿ, ನಮ್ಮ ಕಡಿ ಯಾರ ಹಾಕಂಗಿಲ್ಲ? ಹತ್ತಿಕಾಳಿನ್ಯಾಗ ಗಾಸಿಪಾಲ್ ಅಂತ ಒಂದ ಅಂಶ ಐತಂತ, ಕೋಳಿ ಆ ಹಿಂಡಿ ಕುಕ್ಕಿ ತಿಂದ್ರ ಹಳದಿ ಹಸರಗಂದು ಆಗತೈತಿ. ನೋಟ್‌ಬುಕ್ ತಗದು ನೋಡಿದ್ರ ಅದು ದಿನಾ ಎಮ್ಮಿ ಗ್ವಾದಲಿಯೊಳಗ ಕುಂದರೂ ಕರಿ ಹ್ಯಾಟಿದ ತತ್ತಿ. ಗ್ವಾದಲಿಗೆ ಅಡ್ಡ ಹಲಗಿ ಕಟ್ಟಿದ ಮ್ಯಾಲ ಅದು ಸರಿ ಹೋತು. ಹಂಗ ಬಿಳಿಜೋಳ ಅಷ್ಟ ಹಾಕಿದ್ರ ಹಳದಿ ಬೆಳ್ಳಗ ಬರತೈತಿ, ಗೋವಿನಜೋಳ ಮತ್ತ ಹಸಿ ಸೊಪ್ಪು ತಿಂದ್ರ ಗಾಢ ಬರತೈತಿ. ಹಳದಿ ಬಣ್ಣ ಬಹುತೇಕ ಮೇವಿನ ಕತಿನ ಹೇಳತೈತಿ.

ಸಿಪ್ಪಿದು ಮತ್ತ ಬಿಳಿ ಲೋಳಿದು ಹಂಗಲ್ಲ. ಒಂದ ತತ್ತಿ ತಯಾರಾಗಾಕ ಹೆಚ್ಚುಕಮ್ಮಿ 25 ತಾಸು ಬೇಕಂತ, ಅದರಾಗ ಬಿಳಿ ಲೋಳಿ ಸುತ್ತಾಕ 3 ತಾಸು, ಪೊರಿ ಆಗಾಕ ಒಂದ ತಾಸಿನ ಮ್ಯಾಲ, ಉಳದ 20 ತಾಸು ಸಿಪ್ಪಿ ಕಟ್ಟೂದ. ಒಂದ ಸಿಪ್ಪಿಗೆ 2 ಗ್ರಾಂ ಕ್ಯಾಲ್ಸಿಯಂ ಹೋಗತೈತಿ, ರಾತ್ರಿ ಮೇವಿಲ್ಲದಾಗ ಕೋಳಿ ತನ್ನ ಎಲಬಿನ್ಯಾಗಿಂದ ತಗದು ಹಾಕತೈತಿ. ಲೋಳಿ ಸುತ್ತೂ ಜಾಗಾಕ್ಕ ಬ್ಯಾನಿ ಹತ್ತಿದ್ರ ಲೋಳಿ ನೀರಾಗತೈತಿ, ಒಳಗ ತುಂಬಿಕೊಂಡು ಬಿಗಿಯಾಗಬೇಕಾದದ್ದು ಆಗಂಗಿಲ್ಲ, ಅದರ ಮ್ಯಾಲ ಸಿಪ್ಪಿ ಕಟ್ಟಿದ್ರ ಸುಕ್ಕು ಬೀಳತೈತಿ. ಸುಕ್ಕು, ನೀರು ಲೋಳಿ, ರಾತ್ರಿ ಗೊರಗೊರ, ಮೂರೂ ಕೂಡಿದ್ದಕ್ಕ ಮೇಡಂ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಇರಬೇಕು ಅಂದ್ರು, ಐಬಿ ಅಂತಾರ, ಕೋಳಿ ಉಸರಾಟಕ್ಕ ಹತ್ತೂ ವೈರಸ್ ಬ್ಯಾನಿ. ಆದ್ರ ಇರಬೇಕು ಅಂದ್ರು, ಐತಿ ಅನ್ನಲಿಲ್ಲ. ಯಾಕಂದ್ರ ಕೊಕ್ಕರೆ ರೋಗ, ಅದ ರಾಣಿಕೇತ್, ಲಸಿಕಿ ಆಗದ ಕೋಳಿಗೆ ಬಂದ್ರ ಕುತ್ತಿಗಿ ತಿರಗತೈತಿ, ಹಸರ ಹಿಕ್ಕಿ, ಗೂಡಿಗೆ ಗೂಡ ಖಾಲಿ, ಆದ್ರ ಲಸಿಕಿ ಆದ ಕೋಳಿಗೆ ಬಂದ್ರ ಬರೇ ತತ್ತಿ ಕೆಟ್ಟು ಕಡಿಮಿ ಆಗೂದಷ್ಟ ಕಾಣಬಹುದಂತ. ನಮ್ಮ ಗಿರಿರಾಜಗಳಿಗೆ ಲಸಿಕಿ ಆಗಿತ್ತು, ಜವಾರಿಗೆ ಆಗಿರಲಿಲ್ಲ. ಕಣ್ಣಿಲೆ ನೋಡಿ ಹೇಳಾಕ ಬರಂಗಿಲ್ಲ ಅಂದ್ರು.

ಅಷ್ಟರಾಗ ಬಸವ ಜಯಂತಿ ಆಜೂಬಾಜೂ ಗುಲಾಬಿ ಕೆಟ್ಟಿತು. ಗುಲಾಬಿ ಅಂದ್ರ ಮಗಳು ಹೆಸರಿಟ್ಟ ಸ್ವರ್ಣಧಾರಾ. ತತ್ತಿ ಬಂದ ಮಾಡಿ ಹೊಟ್ಟಿ ಕೆಳಗ ಇಳಿಬಿಟ್ಟು ನೆಟ್ಟಗ ನಿಲ್ಲಾಕ ಹತ್ತಿತು, ಮೊದಲ ತತ್ತಿ ಸಿಕ್ಕೊಂಡಿರಬೇಕಂತ ಬೆಚ್ಚನ ನೀರಿನ್ಯಾಗ ಕುಂದರಿಸಿದ್ವಿ. ಒಂದ ಮುಂಜಾನಿ ಗೂಡಿನ್ಯಾಗ ತತ್ತಿ ಆಕಾರದ್ದ ಹಳದಿ ಗಡ್ಡಿ ಬಿದ್ದಿತ್ತು, ಹಿಸುಕಿದ್ರ ರಬ್ಬರ್, ನಾತ ಬ್ಯಾರೆ. ಕೊಯ್ದು ನೋಡಿದ್ರ ಉಳ್ಳಾಗಡ್ಡಿಗತೆ ಪದರ ಪದರ, ಒಳಗ ತತ್ತಿ ಅನ್ನೂದ ಇಲ್ಲ. ಇಂಥಾದ್ದು ಕಂಡ್ರ ಮಾತ್ರ ತಡಾ ಮಾಡಬ್ಯಾಡ್ರಿ. ಇದು ಬಿಸಲಿಂದಲ್ಲ ಸುಣ್ಣ ಕಡಿಮಿದೂ ಅಲ್ಲ, ತತ್ತಿ ಬರೂ ನಳಗಿಯೊಳಗ ಕೀವು ಗಟ್ಟ್ಯಾಗಿ ಬರೂದು. ಫೋಟೋ ಕಳಸಿದ ಕೂಡ್ಲೆ ಮೇಡಂ ಕರ್ಕೊಂಡ ಬರ್ರಿ ಅಂದ್ರು, ಹೊರಡೂದ್ರಾಗ ಗುಲಾಬಿ ಹೋಗಿತ್ತು. ಮಗಳು ಅವತ್ತ ಉಣಲಿಲ್ಲ. ಮಣ್ಣ ಮಾಡೂನು ಅಂತ ಅಳಾಕ ಹತ್ತಿದ್ಲು, ಆಕಿಗೆ ಏನಂತ ಹೇಳೂದು, ಡಾಕ್ಟ್ರು ಕೊಯ್ದು ನೋಡಬೇಕಂತ ಅಂತ?

ಸತ್ತ ಕೋಳಿ ಒಯ್ಯೂದಿದ್ರ ಲಗೂನ ಒಯ್ರಿ, ಪ್ಲಾಸ್ಟಿಕ್ ಎರಡ ಪದರ ಸುತ್ತಿ ಬರ್ಫದ ಮ್ಯಾಲ ಇಟ್ಟು. ಫ್ರೀಜರಿನ್ಯಾಗ ಗಡ್ಡಿಗಟ್ಟಿಸಬಾರದು, ಒಳಗಿನ ಭಾಗ ಕೆಟ್ಟು ಏನೂ ತಿಳಿಯಂಗಿಲ್ಲ. ಮನ್ಯಾಗ ನೀವ ಕೊಯ್ಯಾಕ ಹೋಗಬ್ಯಾಡ್ರಿ. ಮೇಡಂ ಕೊಯ್ಯೂಕ್ಕಿಂತ ಮೊದಲ ಎಷ್ಟ ಸತ್ತಾವು, ಒಮ್ಮೆಲೆ ಸತ್ತಾವೇನು, ಜುಟ್ಟು ನೀಲಿ ಆಗಿತ್ತೇನು, ಮಾರಿ ಬಾತಿತ್ತೇನು ಅಂತ ಕೇಳಿದ್ರು. ಹಕ್ಕಿಜ್ವರದ ಸಲುವಾಗಿ. 2006ರಾಗ ಮಹಾರಾಷ್ಟ್ರದ ನವಾಪುರದಾಗ ದೇಶದಾಗ ಮೊದಲನೇ ಸಲ ಬಂತಲ್ಲ, 2025ರಾಗ ನಮ್ಮ ರಾಜ್ಯದಾಗನ ಸಂಡೂರು ತಾಲೂಕಿನ ಕುರೆಕುಪ್ಪದಾಗೂ ಕಂಡಿತು. ಕೋಳಿ ಪಟಪಟ ಸತ್ರ ಮುಟ್ಟಬ್ಯಾಡ್ರಿ, ಒಗಿಬ್ಯಾಡ್ರಿ, ಮೊದಲ ಇಲಾಖೆಗೆ ಫೋನ್ ಮಾಡ್ರಿ. ನಮ್ದು ಒಂದ, ಅದೂ ನಿಧಾನಕ್ಕ ಹೋದದ್ದು, ಹಂಗಾಗಿ ಗ್ಲೌಸು ಮಾಸ್ಕ್ ಹಾಕ್ಕೊಂಡು ಕೊಯ್ದ್ರು. ನಳಗಿ ತುಂಬ ಅದ ಹಳದಿ ಗಡ್ಡಿ. ಇ ಕೋಲೈ ಬ್ಯಾಕ್ಟೀರಿಯಾ ಹಿಂಗ ಮಾಡತೈತಿ, ಮೊದಲ ವೈರಸ್ ಬಂದು ನಳಗಿ ಸಡಲ ಮಾಡಿದ್ರ ಅದಕ್ಕ ದಾರಿ ಸಲೀಸಾಗತೈತಿ ಅಂದ್ರು.

ಆಮ್ಯಾಲ ರಕ್ತ. ಒಂದೈದ ಕೋಳಿ ರೆಕ್ಕಿ ಕೆಳಗಿನ ನರದಾಗ ತಗದ್ರು, ನಾ ಹಿಡಕೊಂಡಿದ್ದೆ, ಕೋಳಿಕಿಂತ ನನ್ನ ಎದಿನ ಜೋರ ಬಡಕೋತಿತ್ತು. ಬ್ಯಾನಿ ಹತ್ತಿದ ಮೊದಲ ವಾರದಾಗ ಆಗಿದ್ರ ಗಂಟಲದಾಗಿನ ಸ್ವ್ಯಾಬ್‌ನ್ಯಾಗ ವೈರಸ್ಸ ಸಿಗತಿತ್ತಂತ, ನಮ್ದು ಆ ಟೈಮ್ ದಾಟಿತ್ತು. ಅದಕ್ಕ ರಕ್ತ ಈಗೊಮ್ಮೆ, ಎರಡ ಮೂರ ವಾರ ಬಿಟ್ಟು ಅವ ಕೋಳಿದು ಮತ್ತೊಮ್ಮೆ. ಬ್ಯಾನಿ ಜೋಡಿ ಹೊಡದಾಡಾಕ ಮೈ ರಕ್ತದಾಗ ತಯಾರ ಮಾಡೂ ಅಂಶಕ್ಕ ಆ್ಯಂಟಿಬಾಡಿ ಅಂತಾರ, ಎರಡನೇದ್ರಾಗ ಯಾವ ಬ್ಯಾನಿ ಆ್ಯಂಟಿಬಾಡಿ ಏರಿರತೈತಿ ಅದ ಬ್ಯಾನಿ. ಕಾಲಿಗೆ ಬಣ್ಣದ ದಾರಾ ಕಟ್ಟಿ ಗುರ್ತ ಇಟ್ವಿ, ಇಲ್ಲಂದ್ರ ಎರಡನೇ ಸಲ ಯಾವ ಕೋಳಿ ಅಂತ ಪಂಚಾಯ್ತಿ ಆಗತಿತ್ತು.

ಬೆಳಗಾವಿ ಲ್ಯಾಬಿಗೆ ಯಾರ ಒಯ್ಯೂದು? ನಮ್ಮನಿಯವರು ಹೋದ್ರ ಟಿಕೆಟ್ ರೊಕ್ಕ ಮತ್ತ ಒಂದ ದಿನದ ಕೆಲಸ ಹಾಳು, ನಾ ಹೋದ್ರ ಶಕ್ತಿ ಯೋಜನೆದಾಗ ಬಸ್ ಫ್ರೀ, ಆಧಾರ ಕಾರ್ಡ್ ಒಂದ ಬೇಕು. ಹಂಗಾಗಿ ನಾನ ಹೊಂಟೆ. ಥರ್ಮಾಕೋಲ್ ಡಬ್ಬಿ 80 ರೂಪಾಯಿ, ಬರ್ಫ ಮೀನ ಮಾರವ್ರ ಹತ್ರ, ಅಕ್ಕಾ ಇಷ್ಟಕ್ಕ ರೊಕ್ಕ ಯಾಕ ಅಂತ ಹಂಗ ಕೊಟ್ರು. ಬರ್ಫಕ್ಕ ನೇರ ಬಾಟ್ಲಿ ತಾಗಬಾರದು, ನಡುವ ಪೇಪರ್ ಸುತ್ರಿ. ಲೋಕಾಪುರದಿಂದ ಯರಗಟ್ಟಿ ಮ್ಯಾಲಿಂದ ಬೆಳಗಾವಿ, ಮೇ ತಿಂಗಳ ಬಿಸಲು, ಡಬ್ಬಿ ತೊಡಿ ಮ್ಯಾಲ. ಕಂಡಕ್ಟರ್ ಡಬ್ಬಿಯೊಳಗ ಏನ್ರಿ ಅಂದ. ಕೋಳಿ ರಕ್ತ ಅಂದೆ. ಮತ್ತೇನೂ ಕೇಳಲಿಲ್ಲ, ಬಾಜೂಕ ಕುಂತಾಕಿ ಎದ್ದು ಹಿಂದ ಹೋದ್ಲು.

ಲ್ಯಾಬಿನ್ಯಾಗ ಡಾಕ್ಟ್ರ ಪತ್ರ ಇಲ್ಲದ ತಗೊಳ್ಳಂಗಿಲ್ಲ. ಪತ್ರದಾಗ ಊರು, ಕೋಳಿ ಎಷ್ಟು, ವಯಸ್ಸು, ಯಾವ ಲಸಿಕಿ ಎಂದ ಆಗೈತಿ, ಲಕ್ಷಣ ಏನು, ಸತ್ತದ್ದೆಷ್ಟು, ಯಾವ ಟೆಸ್ಟ್ ಬೇಕು, ಎಲ್ಲಾ ಇರಬೇಕು. ನಮ್ಮ ಪತ್ರದಾಗ ಲಸಿಕಿ ತಾರೀಖು ಬಿಟ್ಟಿತ್ತು, ಅಲ್ಲಿಂದ ಮೇಡಂಗೆ ಫೋನ್ ಹಚ್ಚಿ, ಅವರು ಫೋನ್ ಎತ್ತೂ ಮಟ ಬಾಕಿನ ಮ್ಯಾಲ ಕುಂತೆ, ಬರ್ಫ ಕರಗಾಕ ಹತ್ತಿತ್ತು, ಜೀವ ಹೋಗಿ ಬಂತು. ಎರಡನೇ ಶನಿವಾರ, ಸೂಟಿ, ಜಾತ್ರಿ ಎಲ್ಲಾ ನೋಡಿಕೊಂಡ ಹೋಗ್ರಿ, ಸೋಮವಾರ ಮಂಗಳವಾರ ಚಲೋ. ಕೆಲವು ಟೆಸ್ಟ್ ಅಲ್ಲಿಂದ ಬೆಂಗಳೂರಿಗೆ, ಹೆಬ್ಬಾಳಕ್ಕ ಹೋಗತಾವಂದ್ರು, ಹಂಗಾಗಿ ತಡ. ಫೀ ಹೆಚ್ಚೇನಿಲ್ಲ. ಡಬ್ಬಿ, ಬೆಳಗಾವಿ ಸ್ಟ್ಯಾಂಡಿನಿಂದ ಆಟೋ, ಕ್ಯಾಲ್ಸಿಯಂ, ವಿಟಮಿನ್ ನೀರು, ಎಲ್ಲಾ ಕೂಡಿ ಎರಡು ಸಾವಿರದ ಒಳಗ ಮುಗೀತು. ತತ್ತಿ ಮಾರದ ಹೋದದ್ದು ಬ್ಯಾರೆ ಲೆಕ್ಕ.

ಕಾಯೂ ಟೈಮಿನ್ಯಾಗ ಓಣಿಯವರ ಮಾತ ಕೇಳೂದ ದೊಡ್ಡ ಶಿಕ್ಷಾ. ಕೊಯ್ದು ಉಂಡಬಿಡ್ರಿ ಅನ್ನವ್ರು ಕೆಲವರು, ನಿಮ್ಮ ಕೋಳಿಯಿಂದ ನಮ್ಮವಕ್ಕೂ ಬರತೈತಿ ಅಂತ ಬಾಗಲ ಹಾಕ್ಕೊಂಡವ್ರು ಕೆಲವರು. ಎರಡನೇದವ್ರ ಮ್ಯಾಲ ನನಗ ಸಿಟ್ಟಿಲ್ಲ, ಅವರದು ಬರೋಬರಿ ಐತಿ. ಐಬಿ ಗಾಳಿಯಾಗ ಹರಡತೈತಿ, ಒಂದ ಕೋಳಿಗೆ ಹತ್ತಿದ್ರ ಒಂದೆರಡ ದಿನದಾಗ ಇನ್ನೊಂದು ಸೀನತೈತಿ. ನಾವು ಕೋಳಿ ಹೊರಗ ಬಿಡೂದು ಬಂದ ಮಾಡಿದ್ವಿ, ಗೂಡಿಗೆ ಹೋಗೂ ಚಪ್ಪಲಿ ಬ್ಯಾರೆ ಇಟ್ವಿ, ತತ್ತಿ ಮಾರೂದು ನಿಲ್ಲಿಸಿದ್ವಿ.

ಎರಡನೇ ರಕ್ತದ ರಿಪೋರ್ಟ್ ಬಂದಾಗ ಇಂಗ್ಲಿಷಿನ್ಯಾಗ ನಂಬರು ತುಂಬಿತ್ತು, ಮೇಡಂ ಬೆರಳಿಟ್ಟು ತೋರಿಸಿದ್ರು. ಐಬಿ ಆ್ಯಂಟಿಬಾಡಿ ಮೊದಲಿಗಿಂತ ಭಾಳ ಏರೈತಿ, ಐಬಿ ಲಸಿಕಿ ನಾವು ಎಂದೂ ಹಾಕಿಸಿಲ್ಲ, ಅಂದ್ರ ಬ್ಯಾನಿ ಬಂದದ್ದಕ್ಕನ ಏರಿದ್ದು. ರಾಣಿಕೇತ್ ಇದ್ದಲ್ಲೇ ಐತಿ. ಬಾತುಕೋಳಿದು ಇಲ್ಲ. ಎಲ್ಲಿಂದ ಬಂತು ಅಂತ ಮಾತ್ರ ತಿಳೀಲಿಲ್ಲ. ಇದೂ ಕೊರೊನಾ ಜಾತಿ ವೈರಸ್ಸ ಅಂತ ಕೇಳಿ ಅತ್ತಿ ಸೆರಗು ಮೂಗಿಗೆ ಹಿಡದ್ರು, ಮೇಡಂ ನಕ್ಕು, ಯವ್ವಾ, ಇದು 1931ರಾಗನ ಅಮೇರಿಕಾದಾಗ ಗೊತ್ತಾದದ್ದು, ಕೋಳಿದು, ಮನಷಾರಿಗೆ ಬರಂಗಿಲ್ಲ ಅಂದ್ರು. ಔಷಧ ಕೊಡದ ಕೋಳಿದು ಸಿಪ್ಪಿ ಗಟ್ಟಿ ಇರೂ ಸುಕ್ಕು ತತ್ತಿ ಚಲೋ ಬೇಸಿ ತಿನ್ನಬಹುದು. ಸಿಪ್ಪಿ ಇಲ್ಲದ್ದು, ಸೀಳಿದ್ದು ಒಗೀರಿ, ಅದರಾಗ ಸಾಲ್ಮೊನೆಲ್ಲಾ ಅನ್ನೂ ಹೊಟ್ಟಿ ಕೆಡಸೂ ಬ್ಯಾಕ್ಟೀರಿಯಾ ಲಗೂನ ಹೋಗತೈತಿ. ಗೂಡಿನ್ಯಾಗ ಕೈ ಹಾಕಿದ ಮ್ಯಾಲ ಸಾಬಾಣ ಹಚ್ಚಿ ಕೈ ತೊಳೀರಿ, ಇದು ಬ್ಯಾನಿ ಇಲ್ಲದಾಗೂ.

ಐಬಿಗೆ ಔಷಧ ಅಂತ ಇಲ್ಲ. ನೆಳ್ಳು, ಗಾಳಿ, ತಣ್ಣನ ನೀರು, ಗೂಡಿನ್ಯಾಗ ಹಿಕ್ಕಿ ನಾತ ಕಟ್ಟದಂಗ ನೋಡಿಕೊಳ್ಳೂದು, ಅಷ್ಟ. ಮಳಿ ಒಂದೆರಡ ಹನಿ ಬಿದ್ದ ಮ್ಯಾಲ ಸಪ್ಪಳ ನಿಂತು ತತ್ತಿ ಒಂದೊಂದಾಗಿ ಸುಧಾರಿಸಿದ್ವು. ಎರಡ ಹ್ಯಾಟಿ ಮಾತ್ರ ಇನ್ನೂ ಸುಕ್ಕು ತತ್ತಿನ ಇಡಾಕ ಹತ್ಯಾವು, ಅವು ಹಂಗ ಉಳೀಬಹುದಂತ. ಅದಕ್ಕಿಂತ ಚಿಂತಿ ಮರಿಗಳದ್ದು. ತೀರ ಸಣ್ಣವಿದ್ದಾಗ ಈ ಬ್ಯಾನಿ ಬಂದ್ರ ನಳಗಿ ಕಾಯಂ ಕೆಟ್ಟು, ಬೆಳದ ಮ್ಯಾಲ ನೋಡಾಕ ಚಂದ, ತತ್ತಿ ಇಡೂ ಗೂಡಿನ್ಯಾಗ ಕುಂತೂ ಏಳತಾವು, ತತ್ತಿ ಇಲ್ಲ. ಅವು ಯಾವು ಅಂತ ದೀಪಾವಳಿ ಹೊತ್ತಿಗೆ ಗೊತ್ತಾದೀತು.

ಈಗ ಜವಾರಿಗಳಿಗೂ ರಾಣಿಕೇತ್ ಆರ್ ಟೂ ಬಿ ಲಸಿಕಿ ಹಾಕಿಸೂದು ಅಂತ ಆಗೈತಿ, ಪೂರ್ತಿ ಆರಾಮ ಆದ ಕೋಳಿಗಷ್ಟ ಹಾಕತಾರ. ಇದರಾಗೂ ಒಂದ ತೊಡಕು. ಒಂದ ಬಾಟ್ಲಿ ಅಂದ್ರ 100 ಕೋಳಿಗೆ, ಒಮ್ಮೆ ಕಲಿಸಿದ್ರ ಒಂದೆರಡ ತಾಸಿನ್ಯಾಗ ಮುಗಸಬೇಕು, ಬಿಸಲಿಗೆ ಇಡಂಗಿಲ್ಲ. ಹದಿಮೂರ ಕೋಳಿಗೆ ಯಾರ ಬಾಟ್ಲಿ ಒಡೀತಾರ? ಹಂಗಾಗಿ ಬಾಗಲ ಹಾಕ್ಕೊಂಡವ್ರ ಮನಿಗೂ ನಾನ ಹೋಗಿ ಕೇಳಿದೆ, ನಾಕೈದ ಮನಿಯವ್ರು ಒಪ್ಪ್ಯಾರ, ಎಂಬತ್ತರ ಹತ್ರ ಕೋಳಿ ಕೂಡ್ಯಾವು. ಬರೂ ಆದಿತ್ಯವಾರ ನಸುಕಿನ್ಯಾಗ ಮೇಡಂ ಬರ್ತೀನಿ ಅಂದಾರ. ಎಲ್ಲಾರಿಗೂ ಹೇಳೀನಿ, ಹಿಂದಿನ ರಾತ್ರಿನ ಬುಟ್ಟಿಯೊಳಗ ಮುಚ್ಚಿ ಇಟ್ಟಿರ್ರಿ, ಆ ಹೊತ್ತಿನ್ಯಾಗ ಕೋಳಿ ಬೆನ್ನಹತ್ತಿ ಓಣಿ ಸುತ್ತಿದ್ರ ಔಷಧ ಅಲ್ಲೇ ಕೆಡತೈತಿ ಅಂತ.